ಇಲ್ಲದ ಖನಿಜದ ಗುರುತು ಹಿಡಿದಿದ್ದು

ಸಾಗರ ತಳದ ಬಸಾಲ್ಟ್ ಕಲ್ಲು ಭೂಮಿಯ ಹೊರಪದರದ ಇನ್ನೊಂದು ಫಲಕದ ಅಡಿಗೆ ನುಗ್ಗಿ ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿಯುತ್ತದೆ. ಅಪರೂಪಕ್ಕೆ ಅದರ ಚೂರೊಂದು ಮೇಲಕ್ಕೆ ವಾಪಸ್ ಬರುತ್ತದೆ. ಅಂಥ ಚೂರುಗಳನ್ನು ಓದುವುದು ನನ್ನ ಕೆಲಸ. ಎಷ್ಟು ಆಳಕ್ಕೆ ಹೋಗಿತ್ತು, ಎಷ್ಟು ಬಿಸಿಯಾಗಿತ್ತು ಅನ್ನೋದನ್ನು ಕಲ್ಲೇ ಹೇಳಬೇಕು.

ನಾನು ಶುರು ಮಾಡಿದ್ದು ಗ್ರೀಸಿನ ಸಿರೋಸ್ ದ್ವೀಪದ ಬ್ಲೂಶಿಸ್ಟ್ ಅನ್ನೋ ನೀಲಿ ಪದರಗಲ್ಲಿನಿಂದ. ಗ್ಲಾಕೋಫೇನ್ ಅನ್ನೋ ನೀಲಿ ಖನಿಜಕ್ಕೆ 1845ರಲ್ಲಿ ಹೆಸರಿಟ್ಟಿದ್ದು ಈ ದ್ವೀಪದ ಕಲ್ಲು ನೋಡಿಯೇ. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ತೇದು, ಸೂಕ್ಷ್ಮದರ್ಶಕದ ಕೆಳಗಿಟ್ಟು ತಿರುಗಿಸಿದರೆ ಒಂದು ಹರಳು ಬಣ್ಣವಿಲ್ಲದ್ದು ತಿಳಿ ನೇರಳೆಯಾಗುತ್ತದೆ, ಪಕ್ಕದ್ದು ನೇರಳೆಯಿಂದ ನೀಲಿಗೆ ತಿರುಗುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಆ ನೀಲಿಯ ನಡುವೆ ಅಲ್ಲಲ್ಲಿ ಬಿಳಿಚಿದ ತೇಪೆಗಳಿದ್ದವು. ಎಪಿಡೋಟ್ ಅನ್ನೋ ಖನಿಜದ ಸಣ್ಣ ಕಾಳುಗಳು, ಜೊತೆಗೆ ಬಿಳಿ ಅಭ್ರಕ. ಕಲ್ಲು ಮೇಲೆ ಬರುವಾಗ ಹಾಳಾದ ಭಾಗ ಅಂದುಕೊಂಡು ಸುಮ್ನೆ ಬಿಟ್ಟುಬಿಟ್ಟೆ. ವಾರಗಟ್ಟಲೆ ಕಾಳುಗಳನ್ನೇ ದೊಡ್ಡದು ಮಾಡಿ ನೋಡಿದ್ದೇ ತಪ್ಪಾಯಿತು. ಒಂದು ದಿನ ಅತಿ ಕಡಿಮೆ ವರ್ಧನೆಯ ಲೆನ್ಸ್ ಹಾಕಿ ಇಡೀ ತುಣುಕನ್ನು ನೋಡಿದೆ. ತೇಪೆಗಳ ಅಂಚು ನೆಟ್ಟಗಿತ್ತು! ಕೆಲವು ಆಯತ, ಕೆಲವು ವಜ್ರಾಕಾರ. ಒಳಗಿನ ಕಾಳುಗಳಿಗೂ ಆ ಆಕಾರಕ್ಕೂ ಸಂಬಂಧವೇ ಇರಲಿಲ್ಲ. ಅಂದರೆ ಆಕಾರ ಬೇರೆ ಯಾವುದೋ ಹರಳಿನದ್ದು, ಅಲ್ವಾ?

ಅದು ಲಾಸೋನೈಟ್. ತೂಕದ ಶೇ. 11ಕ್ಕಿಂತ ಜಾಸ್ತಿ ನೀರನ್ನೇ ಹಿಡಿದಿಟ್ಟುಕೊಳ್ಳುವ ಖನಿಜ. ಒತ್ತಡ ಜಾಸ್ತಿ, ಬಿಸಿ ಕಡಿಮೆ ಇದ್ದಾಗ ಮಾತ್ರ ಬೆಳೆಯುತ್ತದೆ. ತಣ್ಣಗಿನ ಸಾಗರ ಫಲಕ ಬಿಸಿಯಾಗಲು ಪುರುಸೊತ್ತಿಲ್ಲದ ಹಾಗೆ ಇಳಿಯುವ ಜಾಗದಲ್ಲಿ ಸಿಗೋದು ಇದೇ ಸ್ಥಿತಿ. ಆಮೇಲೆ ಕಲ್ಲು ಸ್ವಲ್ಪ ಬಿಸಿಯಾದರೂ, ಒತ್ತಡ ಇಳಿದರೂ ಅದು ಒಡೆದು ನೀರು ಬಿಡುತ್ತದೆ. ಉಳಿಯುವುದು ಅಚ್ಚು ಮಾತ್ರ. ಖಾತ್ರಿಗಾಗಿ ಮೈಕ್ರೊಪ್ರೋಬ್‌ನಲ್ಲಿ (ಎಲೆಕ್ಟ್ರಾನ್ ಕಿರಣದಿಂದ ಖನಿಜದೊಳಗಿನ ಧಾತುಗಳನ್ನು ಅಳೆಯುವ ಯಂತ್ರ) ಇಡೀ ತೇಪೆಯ ಸರಾಸರಿ ತೆಗೆದೆ. ಲಾಸೋನೈಟ್‌ನಲ್ಲಿರುವಂತೆಯೇ ಕ್ಯಾಲ್ಸಿಯಂ, ಅಲ್ಯುಮಿನಿಯಂ ತುಂಬಿತ್ತು. ಮೆಗ್ನೀಶಿಯಂ ಇಲ್ಲ ಅನ್ನುವಷ್ಟು ಕಡಿಮೆ. ಅಂಥದ್ದೇ ಒಂದು ವಜ್ರಾಕಾರದ ತೇಪೆ ಗಾರ್ನೆಟ್ ಅನ್ನೋ ಕೆಂಪು ಖನಿಜದ ಹರಳಿನ ನಡುಭಾಗದಲ್ಲೂ ಸಿಕ್ಕಿತು. ಅಲ್ಲಿ ಮ್ಯಾಂಗನೀಸ್ ಜಾಸ್ತಿ ಇತ್ತು, ಅಂದರೆ ಗಾರ್ನೆಟ್ ಬೆಳೆಯೋಕೆ ಶುರುವಾದ ಜಾಗ ಅದು. ಹಾಗಾದರೆ ಗಾರ್ನೆಟ್‌ಗಿಂತ ಮುಂಚೆಯೇ ಲಾಸೋನೈಟ್ ಇತ್ತು.

ಇದರಿಂದ ನನ್ನ ಇನ್ನೊಂದು ತಪ್ಪೂ ಹೊರಗೆ ಬಂತು. ಗಾರ್ನೆಟ್ ಮತ್ತು ಓಂಫಸೈಟ್ ಅನ್ನೋ ಹಸಿರು ಖನಿಜದ ನಡುವೆ ಕಬ್ಬಿಣ, ಮೆಗ್ನೀಶಿಯಂ ಹಂಚಿಕೊಂಡ ರೀತಿಯಿಂದ ತಾಪಮಾನ ಲೆಕ್ಕ ಹಾಕಿದ್ದೆ. 600 ಡಿಗ್ರಿ ದಾಟಿತ್ತು. ಲಾಸೋನೈಟ್ ಇದ್ದ ಇಂಥ ಕಲ್ಲಿಗೆ ಅದು ತೀರಾ ಜಾಸ್ತಿ ಅನ್ನಿಸಿತು. ಕಬ್ಬಿಣಕ್ಕೆ ಫೆರಸ್, ಫೆರಿಕ್ ಅಂತ ಎರಡು ರೂಪ; ಮೈಕ್ರೊಪ್ರೋಬ್ ಅವನ್ನು ಬೇರೆ ಮಾಡಿ ತೋರಿಸುವುದಿಲ್ಲ. ನಾನು ಎಲ್ಲವನ್ನೂ ಫೆರಸ್ ಅಂತಲೇ ಹಿಡಿದಿದ್ದೆ. ಓಂಫಸೈಟ್‌ನಲ್ಲಿ ಫೆರಿಕ್ ಸಾಕಷ್ಟಿರುತ್ತದೆ. ಅದನ್ನು ಕಳೆದ ಮೇಲೆ ಉತ್ತರ 500ರ ಆಸುಪಾಸಿಗೆ ಇಳಿಯಿತು.

ಈಗ ಹೊಸ ತುಣುಕು ಬಂದರೆ ಮೊದಲ ದಿನ ಅಳತೆಗೆ ಕೈ ಹಾಕುವುದಿಲ್ಲ. ಕಡಿಮೆ ವರ್ಧನೆಯ ಲೆನ್ಸ್‌ನಲ್ಲಿ ಇಡೀ ತುಣುಕಿನ ಚಿತ್ರ ತೆಗೆದು, ನೆಟ್ಟಗಿರುವ ಅಂಚುಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತೇನೆ. ಗಾರ್ನೆಟ್‌ಗಳ ಒಳಗಿನದ್ದಕ್ಕೆ ಕೆಂಪು ಪೆನ್ಸಿಲ್.