ಎಣಿಸದೆ ಸಹಿ ಹಾಕಿದ್ದೆ

ಲೈಬ್ರರಿ ನನ್ನ ಪಾಲಿಗೆ ಬಂದದ್ದು ನಾನು ತುಂಬಾ ಓದುತ್ತೇನೆ ಅಂತ ಅಲ್ಲ. ಮೊದಲು ನೋಡಿಕೊಳ್ಳುತ್ತಿದ್ದ ಟೀಚರ್‌ಗೆ ವರ್ಗಾವಣೆ ಆಯಿತು, ಹೊಸದಾಗಿ ಬಂದವಳು ನಾನು, ಅಷ್ಟೇ. ನಮ್ಮಂಥ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಲೈಬ್ರೇರಿಯನ್ ಅನ್ನುವ ಹುದ್ದೆಯೇ ಇಲ್ಲ. ಯಾರೋ ಒಬ್ಬರು ಪಾಠದ ಜೊತೆ ಅದನ್ನೂ ನೋಡಿಕೊಳ್ಳಬೇಕು. ಅವತ್ತು ಸಂಜೆ ಬಸ್ಸಿಗೆ ಹೊತ್ತಾಗಿತ್ತು. ದಾಸ್ತಾನು ವಹಿಯಲ್ಲಿ 612 ಅಂತ ಇತ್ತು, ಸಹಿ ಹಾಕಿ ಬೀಗದ ಕೈ ಇಸಿದುಕೊಂಡೆ. ಮಾರನೇ ವಾರ ಎಣಿಸಿದರೆ 574.

ಆ 38 ಪುಸ್ತಕ ನನ್ನನ್ನು ಪೂರ್ತಿ ಒಂದು ವರ್ಷ ಕಾಡಿದವು. ಆಡಿಟ್‌ನವರು ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆದರಿಸಿದರು. ಹಾಗಾಗಿ ನಾನೂ ನನಗಿಂತ ಮೊದಲಿನವರು ಮಾಡಿದ್ದನ್ನೇ ಮಾಡಿದೆ. ಬೀರುವಿಗೆ ಬೀಗ. ಬೀರು ಇದ್ದದ್ದು ಹೆಡ್‌ಮೇಷ್ಟ್ರ ರೂಮಿನಲ್ಲಿ, ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದೆ. ಕೆಲವು ಬಂಡಲ್‌ಗಳ ಸೆಣಬಿನ ದಾರ ಕೂಡ ಬಿಚ್ಚಿರಲಿಲ್ಲ. ಮಕ್ಕಳು ಕೇಳಿದರೆ "ನಾಳೆ ಕೊಡ್ತೀನಿ" ಅನ್ನುತ್ತಿದ್ದೆ. ಆ ನಾಳೆ ಯಾವತ್ತೂ ಬರಲಿಲ್ಲ.

ಆರನೇ ಕ್ಲಾಸಿನ ಒಬ್ಬ ಹುಡುಗಿ ಒಂದಿನ ನೇರವಾಗಿ ಕೇಳಿದಳು, "ಮಿಸ್, ಅವು ಯಾರ ಪುಸ್ತಕ?" ನಾನು "ಶಾಲೆದು ಕಣೇ" ಅಂದೆ. "ಹಂಗಾದ್ರೆ ನಮ್ದೇ ಅಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

2018ರ ಜೂನ್‌ನಲ್ಲಿ ವರಾಂಡದ ಕಂಬದಿಂದ ಕಂಬಕ್ಕೆ ನೈಲಾನ್ ಹಗ್ಗ ಕಟ್ಟಿ ತೆಳು ಪುಸ್ತಕಗಳನ್ನು ಬಟ್ಟೆ ಒಣಹಾಕುವ ಹಾಗೆ ನೇತುಹಾಕಿದೆ. ದಪ್ಪ ಪುಸ್ತಕಗಳು ಬೆಂಚಿನ ಮೇಲೆ. ಸಂತೆಯಿಂದ ಬಣ್ಣಬಣ್ಣದ ಸ್ಟಿಕ್ಕರ್ ಬೊಟ್ಟು ತಂದು ರಟ್ಟಿಗೆ ಅಂಟಿಸಿದೆ. ಹಸಿರು ಅಂದರೆ ಚಿತ್ರ ಜಾಸ್ತಿ ಇರೋದು, ಕೆಂಪು ಅಂದರೆ ಸ್ವಲ್ಪ ಓದೋದು, ನೀಲಿ ಅಂದರೆ ದೊಡ್ಡ ಕಥೆ. (ಬೊಟ್ಟುಗಳು ಹದಿನೈದು ದಿನದಲ್ಲಿ ಉದುರಿ ಒಂದನೇ ಕ್ಲಾಸಿನವರ ಹಣೆ ಸೇರಿದವು. ಆಮೇಲೆ ಇನ್ಸುಲೇಷನ್ ಟೇಪ್‌ಗೆ ಬಂದೆ.) ಪುಸ್ತಕ ಕೊಟ್ಟು ತಗೊಳ್ಳುವ ವಹಿಯನ್ನು ಏಳನೇ ಕ್ಲಾಸಿನ ನಾಲ್ವರಿಗೆ ಒಪ್ಪಿಸಿದೆ, ಬೀಗದ ಕೈ ಸಮೇತ. ಅವರು ನನಗಿಂತ ಕಟ್ಟುನಿಟ್ಟು. ಪುಸ್ತಕ ವಾಪಸ್ ಕೊಡದವರ ಹೆಸರನ್ನು ಪ್ರಾರ್ಥನೆ ಹೊತ್ತಿಗೆ ಓದಿಬಿಡುತ್ತಿದ್ದರು. ಅದನ್ನು ನಿಲ್ಲಿಸಿದೆ, ಯಾಕೆಂದರೆ ಎರಡನೇ ವಾರಕ್ಕೆ ಕೆಲವು ಮಕ್ಕಳು ಹೆದರಿ ಪುಸ್ತಕ ತಗೊಳ್ಳೋದನ್ನೇ ಬಿಟ್ಟಿದ್ದರು.

ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಪುಸ್ತಕಗಳು 1,840 ಸಲ ಮನೆಗೆ ಹೋಗಿ ಬಂದಿದ್ದವು. ಕಳೆದದ್ದು 11. ಸ್ಟಾಫ್ ಮೀಟಿಂಗ್‌ನಲ್ಲಿ ಆ 1,840ರ ಮಾತು ಯಾರೂ ಎತ್ತಲಿಲ್ಲ, ಹನ್ನೊಂದರದ್ದೇ ಸುದ್ದಿ. ಹಳೆಯ 38 ಸೇರಿ 49 ಆಯಿತಲ್ಲ ಮೇಡಂ, ಯಾರು ಕಟ್ಟುತ್ತಾರೆ ಅಂತ ಒಬ್ಬರು ಕೇಳಿದರು. ಇದು ಬಂದೇ ಬರುತ್ತೆ ಅಂತ ಗೊತ್ತಿತ್ತು, ಓದಿಕೊಂಡು ಹೋಗಿದ್ದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಅಂತ ಇದೆ. ವರ್ಷದಲ್ಲಿ ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ, ಮೋಸ ಅಥವಾ ಅಸಡ್ಡೆ ಇರಬಾರದು ಅಷ್ಟೇ. ಸಾವಿರ ರೂಪಾಯಿ ಮೀರಿದ ಅಥವಾ ಅಪರೂಪದ ಪುಸ್ತಕ ಆದರೆ ಮಾತ್ರ ವಿಚಾರಣೆ ಬೇಕೇ ಬೇಕು. ನಮ್ಮಲ್ಲಿ ನೂರು ದಾಟಿದ ಪುಸ್ತಕವೇ ಕಮ್ಮಿ. "ಇದು ಕೇಂದ್ರದ ನಿಯಮ, ನಮಗೆ ನೇರವಾಗಿ ಅನ್ವಯ ಆಗಲ್ಲ, ಒಪ್ಪುತ್ತೇನೆ. ಆದರೆ ಪುಸ್ತಕ ಓಡಾಡಿದರೆ ಒಂದಿಷ್ಟು ಕಳೆಯುತ್ತವೆ ಅಂತ ಸರ್ಕಾರವೇ ಒಪ್ಪಿದೆ ಸರ್" ಅಂದೆ. ಆ ಲೆಕ್ಕದಲ್ಲಿ ನನಗೆ ಒಂಬತ್ತು ಮಾಫಿ, ಎರಡು ಜಾಸ್ತಿ ಕಳೆದಿದ್ದೆ. ಆ ಎರಡರ ದುಡ್ಡು ನಾನೇ ಕೊಡ್ತೀನಿ ಅಂದಾಗ ಎಲ್ಲರೂ ನಕ್ಕರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹಳೆಯ 38ನ್ನೂ ಸೇರಿಸಿ ನಡಾವಳಿ ಬರೆಸಿದೆವು. ಸಂಬಳದಲ್ಲಿ ಯಾರೂ ಏನೂ ಹಿಡಿಯಲಿಲ್ಲ.

ಮುಂದಾಳತ್ವ ಅಂತ ಏನಾದರೂ ನನ್ನಲ್ಲಿ ಶುರುವಾಗಿದ್ದರೆ ಆ ಮೀಟಿಂಗ್‌ನಲ್ಲೇ. ಅಲ್ಲಿಯವರೆಗೆ ಸ್ಟಾಫ್ ಮೀಟಿಂಗ್‌ನಲ್ಲಿ ನಾನು ಬಾಯಿ ಬಿಟ್ಟವಳೇ ಅಲ್ಲ.

ಆದರೆ ಅದರಿಂದ ಒಂದು ತೊಂದರೆಯೂ ಆಯಿತು. ಲೈಬ್ರರಿ ಅಂದರೆ "ಮೇಡಂದು" ಅಂತ ಆಗಿಹೋಯಿತು. ನಾನು ರಜೆ ಹಾಕಿದ ದಿನ ಹಗ್ಗ ಖಾಲಿ. ಸಹೋದ್ಯೋಗಿಗಳಿಗೆ ಹೇಳಿ ನೋಡಿದೆ, ಕೆಲಸ ಹೇರುತ್ತಿದ್ದಾಳೆ ಅಂತ ಮುಖ ಗಂಟಿಕ್ಕಿದರು. ಆಮೇಲೆ ಹೇಳೋದು ಬಿಟ್ಟೆ. ಸೋಮವಾರ ಬೆಳಿಗ್ಗೆ ಯಾರು ಯಾವ ಪಾಠ ಮಾಡುತ್ತಿದ್ದಾರೆ ಅಂತ ತಿಳಿದುಕೊಂಡು ಅದಕ್ಕೆ ಹೊಂದುವ ಮೂರು ಪುಸ್ತಕ ಅವರ ಮೇಜಿನ ಮೇಲೆ ಸುಮ್ನೆ ಇಟ್ಟು ಬರುತ್ತಿದ್ದೆ. ತಿಂಗಳುಗಟ್ಟಲೆ ಹೆಚ್ಚಿನವು ಮುಟ್ಟದೆ ವಾಪಸ್ ಬಂದವು. ಗಣಿತದ ಮೇಷ್ಟ್ರಿಗೆ ಮಾತ್ರ ಒಂದು ಸಂಗತಿ ಹಿಡಿಸಿತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದಾಗ ಬೇಜಾರಾಗಿ, ಪಾಠಕ್ಕೇ ವಾಪಸ್ ಹೋಗ್ತೀನಿ ಅಂದಿದ್ದರಂತೆ. "ನಮ್ಮೋರೇ ಹಂಗಾದ್ರೆ" ಅಂದರು ಮೇಷ್ಟ್ರು. ಈಗ ಶನಿವಾರ ಪುಸ್ತಕ ಕೊಡೋದು ಅವರದೇ ಕೆಲಸ.

ಕ್ಲಸ್ಟರ್‌ನ, ಅಂದರೆ ಸುತ್ತಲಿನ ಶಾಲೆಗಳ, ಸಮಾಲೋಚನಾ ಸಭೆಯಲ್ಲಿ ಮಾತಾಡಿ ಅಂತ ಅದರ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕರೆದರು. ಮೊದಲ ಸಲ ಹಾಳು ಮಾಡಿದೆ. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಲೈಬ್ರರಿಯ ಐದು ಸೂತ್ರ, ವಿಂಗಡಣೆ, ವಹಿಯ ಕಾಲಂಗಳು, ಎಲ್ಲಾ ನಲವತ್ತು ನಿಮಿಷ ಒದರಿದೆ. ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಿದ್ದರು, ತಪ್ಪೇನಿಲ್ಲ. ಎರಡನೇ ಸಲ ಒಂದು ಚಿತ್ರಪುಸ್ತಕ ತಗೊಂಡು ಹೋಗಿ ಮಕ್ಕಳಿಗೆ ಓದುವ ಹಾಗೇ ಗಟ್ಟಿಯಾಗಿ ಓದಿದೆ, ಕೊನೆಯ ಪುಟ ತಿರುಗಿಸದೆ ಕೂತೆ. ಆಮೇಲೆ ಏನಾಯ್ತು ಅಂತ ಕೇಳಿದ್ದು ಐವತ್ತೈದು ದಾಟಿದ ಹೆಡ್‌ಮೇಷ್ಟ್ರು ಒಬ್ಬರು. ಕಳೆದ ಪುಸ್ತಕದ ಪ್ರಶ್ನೆ ಅಲ್ಲೂ ಬಂತು. ನಮ್ಮ ನಡಾವಳಿಯ ಜೆರಾಕ್ಸ್ ಹಂಚಿದೆ. ಅವತ್ತು ನನ್ನ ಭಾಷಣಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಜೆರಾಕ್ಸೇ.

ಕೋವಿಡ್‌ನಲ್ಲಿ ಶಾಲೆ ಮುಚ್ಚಿತು. 2020ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಗ್ರಾಮ ಪಂಚಾಯ್ತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಅಲ್ಲಿಯ ಮೇಲ್ವಿಚಾರಕರ ಜೊತೆ ಮಾತಾಡಿ ನಮ್ಮ ನೂರು ಪುಸ್ತಕ ಅಲ್ಲಿಗೆ ಸಾಗಿಸಿದೆ. ಮಕ್ಕಳ ಪಟ್ಟಿ ಹಿಡಿದು ಬೀದಿ ಬೀದಿ ಸುತ್ತಿದವರು ಹಳೇ ಏಳನೇ ಕ್ಲಾಸಿನವರು, ಆಗ ಹೈಸ್ಕೂಲಿನಲ್ಲಿದ್ದರು. ನಾನು ಕರೆದಿರಲಿಲ್ಲ.

ಹೋದ ಜೂನ್‌ನಲ್ಲಿ ಚಾರ್ಜ್ ಹೊಸ ಟೀಚರ್‌ಗೆ ಕೊಟ್ಟೆ. ಆಕೆಯೂ ಪೆನ್ನು ತೆಗೆದು ಎಲ್ಲಿ ಸಹಿ ಅಂತ ಕೇಳಿದಳು. ಮೊದಲು ಎಣಿಸಮ್ಮ ಅಂದೆ. ಮಕ್ಕಳನ್ನು ಕೂರಿಸಿಕೊಂಡು ಎರಡು ದಿನ ಎಣಿಸಿದೆವು. ಏಳು ಕಮ್ಮಿ ಬಂತು. ಏಳು ಅಂತಲೇ ಬರೆದು, ಕೆಳಗೆ ಇಬ್ಬರೂ ಸಹಿ ಹಾಕಿದೆವು.