ಸಾಸ್ ತೆಳುವೋ ಗಟ್ಟಿಯೋ? ಬ್ರಷ್ ಆರಿಸಿದ ನನ್ನ ಅನುಭವ

ಬಾರ್ಬೆಕ್ಯೂ, ಅಂದರೆ ಕೆಂಡ, ಹೊಗೆಯಲ್ಲಿ ಮಾಂಸ ಬೇಯಿಸುವುದು, ಶುರು ಮಾಡಿದ ಹೊಸತರಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ಬ್ರಷ್. ಮರದ ಹಿಡಿ, ಹಂದಿ ಕೂದಲು. ಎಣ್ಣೆ, ಬೆಣ್ಣೆ, ಸಾಸ್ ಎಲ್ಲಕ್ಕೂ ಅದೇ. ಸಾಸ್ ಚೆನ್ನಾಗಿ ಹೀರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ದಿನ ಬೆಂದ ಕೋಳಿ ತೊಡೆಯ ಮೇಲೆ ಕೂದಲೊಂದು ಅಂಟಿಕೊಂಡು ಕೂತಿತ್ತು. ತುದಿ ಸುಟ್ಟು ಸುರುಟಿಕೊಂಡಿತ್ತು. ಬ್ರಷ್ ಮೂಸಿ ನೋಡಿದೆ. ತೊಳೆದು ಒಣಗಿಸಿದ್ದರೂ ಹಳೇ ಎಣ್ಣೆಯ ಕಮಟು ವಾಸನೆ. ಕೂದಲಿನ ಬುಡಕ್ಕೆ ಸುತ್ತಿದ ತಗಡಿನ ಪಟ್ಟಿಯೊಳಗೆ ಜಿಡ್ಡು ಸೇರಿಕೊಂಡಿತ್ತು. ಅವತ್ತೇ ಎಸೆದೆ.

ಆಮೇಲೆ ಸಿಲಿಕೋನ್ ಬ್ರಷ್ ತಂದೆ. ಬಿಸಿನೀರು, ಸೋಪು ಇದ್ದರೆ ಸಾಕು, ಎರಡು ನಿಮಿಷದಲ್ಲಿ ಶುಚಿ. ಒಳ್ಳೆಯ ಸಿಲಿಕೋನ್ 200 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನೂ ತಡೆಯುತ್ತದೆ. ನೈಲಾನ್ ಎಳೆ ಹಾಗಲ್ಲ, ಕಾದ ಕಂಬಿಗೆ ತಾಗಿದರೆ ಕರಗುತ್ತದೆ.

ಆದರೆ ನೀರಿನಂತಿರುವ ವಿನೆಗರ್ ಸಾಸ್‌ಗೆ ಸಿಲಿಕೋನ್ ಒಗ್ಗಲೇ ಇಲ್ಲ. ಅದ್ದಿ ಎತ್ತಿದರೆ ಮಾಂಸ ಮುಟ್ಟುವಷ್ಟರಲ್ಲಿ ಅರ್ಧ ಸುರಿದುಹೋಗುತ್ತಿತ್ತು. ಅದು ಏನನ್ನೂ ಹೀರುವುದಿಲ್ಲ ಅಲ್ವಾ? ಎಳೆಗಳ ನಡುವೆ ನಿಂತಷ್ಟೇ ಸಿಗುವುದು. ಸಾಲದೆಂದು ಮತ್ತೆ ಮತ್ತೆ ಉಜ್ಜಿದೆ. ಮೇಲೆ ಹಚ್ಚಿದ್ದ ಮಸಾಲೆ ಪುಡಿಯೇ ಕಿತ್ತುಬಂತು. ಆರು ಗಂಟೆ ಹೊಗೆಯಲ್ಲಿ ಬೇಯಬೇಕಿದ್ದ ತುಂಡು, ನಿಜವಾಗಿ ಬೇಜಾರಾಯಿತು.

ಹತ್ತಿ ನೂಲಿನ ಮಾಪ್ ಹಿಡಿದದ್ದು ಆಗ. ನೆಲ ಒರೆಸುವ ಮಾಪ್‌ನಂತೆಯೇ ಕಾಣುತ್ತದೆ, ಆದರೆ ಪುಟ್ಟದು, ಸಾಸ್ ಹಚ್ಚಲೆಂದೇ ಇರುವಂಥದ್ದು. ಒಂದು ಸಲ ಅದ್ದಿದರೆ ದೊಡ್ಡ ತುಂಡಿನ ಒಂದು ಮಗ್ಗುಲು ಪೂರ್ತಿ ಒದ್ದೆಯಾಗುತ್ತದೆ. ಒಲೆಯ ಮುಚ್ಚಳ ತೆರೆದಿಟ್ಟಷ್ಟು ಹೊತ್ತೂ ಬಿಸಿ ಹೊರಗೆ ಹೋಗುವುದರಿಂದ ಬೇಗ ಮುಗಿಯುವುದೇ ದೊಡ್ಡ ಲಾಭ. ಉಜ್ಜಬಾರದು, ಮೆತ್ತಗೆ ಒತ್ತಿ ಎತ್ತಬೇಕು. ಅದೂ ಮಸಾಲೆ ಒಣಗಿ ಮಾಂಸಕ್ಕೆ ಕಚ್ಚಿಕೊಂಡ ಮೇಲೆ. ನಾನಂತೂ ಮೊದಲ ಒಂದೆರಡು ಗಂಟೆ ಮಾಪ್ ಮುಟ್ಟುವುದೇ ಇಲ್ಲ.

ಸಿಲಿಕೋನ್ ಬ್ರಷ್ ಮೂಲೆ ಸೇರಲಿಲ್ಲ. ಗಟ್ಟಿ, ಸಿಹಿ ಸಾಸ್‌ಗೆ ಈಗಲೂ ಅದೇ ಬೇಕು. ಕೊನೆಯ 10-15 ನಿಮಿಷದಲ್ಲಿ ತೆಳ್ಳಗೆ ಎರಡು ಸಲ ಬಳಿಯುತ್ತೇನೆ. ಮೊದಲೇ ಬಳಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಹಿಡಿ ಮಾತ್ರ ಎರಡಕ್ಕೂ ಉದ್ದ ಇರಲಿ. ಗಿಡ್ಡ ಹಿಡಿಯಾದರೆ ಕೆಂಡದ ಝಳ ಮಣಿಕಟ್ಟಿಗೇ ಬಡಿಯುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಹಸಿ ಮಾಂಸ ಮುಟ್ಟಿದ ಮಾಪ್ ಮತ್ತೆ ಸಾಸ್ ಪಾತ್ರೆಗೇ ಇಳಿಯುತ್ತದೆ. ಅದಕ್ಕೇ ತಟ್ಟೆಗೆ ಬಡಿಸುವ ಸಾಸನ್ನು ಶುರುವಿನಲ್ಲೇ ಬೇರೆ ತೆಗೆದಿಡುತ್ತೇನೆ. ಮಾಪ್‌ನ ತಲೆ ಬಿಚ್ಚಿ ತೆಗೆಯುವಂಥದ್ದೇ ಆರಿಸಿದ್ದೂ ಇದಕ್ಕೇ. ಊಟ ಆದ ಕೂಡಲೇ ಸೋಪಿನಲ್ಲಿ ತೊಳೆದು, ನೀರಿನಲ್ಲಿ ಕುದಿಸಿ, ಹಿಂಡಿ, ಎಳೆ ಬಿಡಿಸಿ ಬಿಸಿಲಿಗೆ ನೇತುಹಾಕುತ್ತೇನೆ. ನಾಳೆ ತೊಳೆದರಾಯ್ತು ಅಂತ ಬಿಟ್ಟರೆ ಅದೇ ಕಮಟು ವಾಸನೆ ಮಾಪ್‌ಗೂ ಹತ್ತುತ್ತದೆ.