ಗುರಿಸೂಚಕವನ್ನು ಮರೆಮಾಡಿ ಆಡಿ ನೋಡಿ

ವಿಶಾಲ ಲೋಕವಿರುವ ವಿಡಿಯೋ ಗೇಮ್‌ಗಳನ್ನು ಆಡುವವರು ಮೊದಲ ಕೆಲವು ಗಂಟೆಗಳ ಮಟ್ಟಿಗಾದರೂ ಪರದೆಯ ಮೂಲೆಯಲ್ಲಿರುವ ಸಣ್ಣ ನಕ್ಷೆಯನ್ನು ಮರೆಮಾಡುವುದು ಒಳ್ಳೆಯದು. ಅದು ಕಾಣುತ್ತಿರುವವರೆಗೆ ಕಣ್ಣು ಗುರಿಯ ಗುರುತನ್ನೇ ಹಿಂಬಾಲಿಸುತ್ತದೆಯೇ ಹೊರತು ದೂರದ ಹೊಗೆ, ಮುರಿದ ಗೋಪುರ, ಕವಲೊಡೆದ ದಾರಿಗಳಂತಹ ಸುಳಿವುಗಳ ಮೇಲೆ ನಿಲ್ಲುವುದಿಲ್ಲ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೊ’ ಆಯ್ಕೆ ಮಾಡಿಕೊಂಡರೆ ಸಣ್ಣ ನಕ್ಷೆ ಮರೆಯಾಗುತ್ತದೆ. 2018ರ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ಯ ಎಕ್ಸ್‌ಪ್ಲೊರೇಶನ್ ಮೋಡ್‌ನಲ್ಲಿ ಗುರಿ ಎಲ್ಲಿದೆಯೆಂದು ನೇರವಾಗಿ ತೋರಿಸದೆ, ಪ್ರದೇಶದ ಹೆಸರು ಮತ್ತು ಹತ್ತಿರದ ಹೆಗ್ಗುರುತುಗಳ ಸುಳಿವನ್ನಷ್ಟೇ ಕೊಡಲಾಗುತ್ತದೆ. 2020ರ ‘ಘೋಸ್ಟ್ ಆಫ್ ಸುಶಿಮಾ’ದಲ್ಲಂತೂ ಬೀಸುವ ಗಾಳಿಯೇ ದಿಕ್ಕು ತೋರಿಸುತ್ತದೆ, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಅಪರೂಪ.

ಹೊಸ ಪ್ರದೇಶಕ್ಕೆ ಮೊದಲ ಬಾರಿ ಹೋಗುವಾಗ ಫಾಸ್ಟ್ ಟ್ರಾವೆಲ್ (ದಾರಿ ಸವೆಸದೆ ನಕ್ಷೆಯಲ್ಲಿ ಆರಿಸಿದ ಜಾಗಕ್ಕೆ ಕ್ಷಣದಲ್ಲಿ ತಲುಪುವ ಸೌಲಭ್ಯ) ಬಳಸಬೇಡಿ. ಹೊರಡುವ ಮುನ್ನ ಆಟವನ್ನು ಸೇವ್ ಮಾಡಿಕೊಂಡರೆ ಬಲಿಷ್ಠ ಶತ್ರು ಎದುರಾದರೂ ನಷ್ಟ ಕಡಿಮೆ.

ಆದರೆ ಅನ್ವೇಷಣೆಯೆಂದರೆ ಎಲ್ಲವನ್ನೂ ಗುಡಿಸಿ ಸಂಗ್ರಹಿಸುವುದಲ್ಲ. ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಲೋಕದ ತುಂಬ ಅಡಗಿಸಿಟ್ಟ 900 ಕೊರೊಕ್ ಬೀಜಗಳೆಂಬ ಸಂಗ್ರಹದ ವಸ್ತುಗಳಿದ್ದರೂ ಆಯುಧ, ಬಿಲ್ಲು, ಗುರಾಣಿಗಳ ಚೀಲವನ್ನು ಪೂರ್ತಿ ಹಿಗ್ಗಿಸಲು 441 ಸಾಕು, ಉಳಿದವು ದಾರಿಯಲ್ಲಿ ಸಿಕ್ಕರೆ ಸಿಗಲಿ ಎಂದು ಇಟ್ಟಿರುವಂಥವು, ಎಲ್ಲವನ್ನೂ ಹುಡುಕಿ ತಂದವರಿಗೆ ಸಿಗುವುದು ತಮಾಷೆಯ ಬಹುಮಾನವಷ್ಟೇ. ಇದಕ್ಕೆ ತದ್ವಿರುದ್ಧವಾಗಿ 2019ರ ‘ಔಟರ್ ವೈಲ್ಡ್ಸ್’ನಲ್ಲಿ ಶಕ್ತಿ ಹೆಚ್ಚಿಸುವ ಆಯುಧಗಳೇ ಇಲ್ಲ, ಕಂಡುಕೊಂಡ ತಿಳಿವಳಿಕೆಯೊಂದೇ ಮುಂದಿನ ಬಾಗಿಲನ್ನು ತೆರೆಯುತ್ತದೆ, ಆದ್ದರಿಂದ ಅಂತಹ ಆಟಕ್ಕೆ ಕುಳಿತಾಗ ಗೈಡ್ ವಿಡಿಯೋಗಳನ್ನು ದೂರವಿಟ್ಟು, ಕೈಗೆ ಸಿಗುವಂತೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.